ಸಂಜೆ ನಾಲ್ಕಕ್ಕೆ ಮನೆ ಸೇರುವ ಪ್ರವಾಸ

ಈ ಜನವರಿಯಲ್ಲಿ ನಾನು ರಾಜಸ್ಥಾನದಲ್ಲಿ ಇರಬೇಕಿತ್ತು. ಅಲ್ಲಿ ಶೇಖಾವಟಿ ಅಂತ ಒಂದು ಸೀಮೆ ಇದೆ. ಮಂಡಾವಾ, ನವಲ್‌ಗಢ, ಫತೇಪುರ ಅಂತ ಸಣ್ಣ ಸಣ್ಣ ಊರುಗಳು. ಹಳೇ ಕಾಲದ ವ್ಯಾಪಾರಿಗಳು ಕಟ್ಟಿಸಿದ ಹವೇಲಿಗಳ ಗೋಡೆ ತುಂಬ ಚಿತ್ರ. ಆನೆ, ಒಂಟೆ, ಕೃಷ್ಣ, ರೈಲುಗಾಡಿ ಎಲ್ಲಾ ಇದೆ. ಅವನ್ನು ಹತ್ತಿರ ನಿಂತು ನೋಡಬೇಕು ಅಂತ ಎರಡು ವರ್ಷದಿಂದ ದುಡ್ಡು ಕೂಡಿಸಿದ್ದೆ. ರಜೆ ಸಿಕ್ಕಿತ್ತು, ಟಿಕೆಟ್ ಆಗಿತ್ತು, ಬ್ಯಾಗು ಅಟ್ಟದಿಂದ ಕೆಳಗೆ ಬಂದಿತ್ತು.

ಡಿಸೆಂಬರ್ ಮೊದಲ ವಾರ ಅಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು, ಮನೆಗೆ ಬಂದೆವು. ವಾಕರ್ ಹಿಡಿದು ದಿನಕ್ಕೆ ನಾಲ್ಕು ಹೆಜ್ಜೆ, ಮತ್ತೆ ಮಂಚ. ರಾತ್ರಿ ಪಕ್ಕದಲ್ಲಿ ಒಬ್ಬರು ಇರಲೇಬೇಕು. ಟಿಕೆಟ್ ರದ್ದು ಮಾಡಿದೆ. ಅಮ್ಮನನ್ನು ಬಿಟ್ಟು ಹೋಗುವ ಯೋಚನೆ ಒಂದು ಕ್ಷಣವೂ ಬರಲಿಲ್ಲ. ಆದರೆ ರಾತ್ರಿ ಮಲಗಿದಾಗ ಹೊಟ್ಟೆಯೊಳಗೆ ಏನೋ ಎಳೆದ ಹಾಗೆ ಆಗುತ್ತಿತ್ತು. ತಿರುಗಾಟದ ಹುಚ್ಚು ಇರುವವರಿಗೆ ಇದು ಗೊತ್ತು ಅಲ್ವಾ? "ನನ್ನಿಂದ ನಿನ್ನ ಪ್ರಯಾಣ ನಿಂತಿತು" ಅಂತ ಅಮ್ಮ ಬೇರೆ ಎರಡು ಮೂರು ಸಲ ಅಂದರು. ಅದನ್ನು ಕೇಳುವುದು ಇನ್ನೂ ಕಷ್ಟವಾಗಿತ್ತು.

ದಾರಿ ತೋರಿಸಿದ್ದು ಚಿಕ್ಕಮ್ಮ. "ಬೆಳಗ್ಗೆ ಒಂಬತ್ತರಿಂದ ಸಂಜೆ ನಾಲ್ಕರ ತನಕ ನಾನು ಕೂತಿರುತ್ತೇನೆ. ರಜೆ ಹಾಗೇ ಇದೆಯಲ್ಲ, ಎಲ್ಲಿಗಾದರೂ ಹೋಗಿ ಬಾ" ಅಂದರು. ದಿನಕ್ಕೆ ಏಳು ಗಂಟೆ. ನಮ್ಮ ಮನೆ ಇರುವುದು ಉಡುಪಿಯ ಕಿನ್ನಿಮುಲ್ಕಿಯಲ್ಲಿ. ಅಲ್ಲಿಂದ ಏಳು ಗಂಟೆಯಲ್ಲಿ ಎಲ್ಲಿಯವರೆಗೆ ಹೋಗಿ ಬರಬಹುದು? ಒಂದು ಹಾಳೆಯಲ್ಲಿ ಬರೆದೆ. ನೆಂಟರು ಬಂದಾಗ ಅವಸರದಲ್ಲಿ ತೋರಿಸಿದ ಜಾಗ, ಬಸ್ಸಿನಿಂದ ಬೋರ್ಡು ಮಾತ್ರ ಓದಿದ ಜಾಗ, ಇವೇ ಜಾಸ್ತಿ ಇದ್ದವು. ಸ್ಕೂಟರ್ ತೆಗೆಯಬಾರದು, ಬಸ್ಸು, ದೋಣಿ, ಕಾಲ್ನಡಿಗೆ ಮಾತ್ರ ಅಂತ ನಾನು ತೀರ್ಮಾನ ಮಾಡಿದೆ. ಅಮ್ಮ ಇನ್ನೊಂದು ಷರತ್ತು ಹಾಕಿದರು. "ಬಂದ ಮೇಲೆ ನೋಡಿದ್ದನ್ನೆಲ್ಲ ನನಗೆ ಹೇಳಬೇಕು. ಒಂದೂ ಬಿಡಬಾರದು."

ಮೊದಲ ದಿನ: ತೋನ್ಸೆಪಾರ್

ಸೇಂಟ್ ಮೇರೀಸ್ ದ್ವೀಪಕ್ಕೆ ನಮ್ಮ ಕಡೆಯವರು ತೋನ್ಸೆಪಾರ್ ಅನ್ನುತ್ತಾರೆ. ಸಿಟಿ ಬಸ್ಸಿನಲ್ಲಿ ಮಲ್ಪೆಗೆ ಹೋಗಿ ಬಂದರಿನ ಹತ್ತಿರ ಇಳಿದೆ. ಮೀನಿನ ವಾಸನೆ, ಐಸ್ ಒಡೆಯುವ ಸದ್ದು, ಬಲೆ ಹೊಲಿಯುತ್ತ ಕೂತವರು. ವಾರದ ಮಧ್ಯೆ ಆದ್ದರಿಂದ ಬೋಟಿಗೆ ಜನ ಕಮ್ಮಿ. ತುಂಬುವ ತನಕ ಕಾಯಬೇಕು. ಒಂದು ಗಂಟೆ ಕಾದೆ.

ಶಾಲೆಯಲ್ಲಿದ್ದಾಗ ಒಮ್ಮೆ ಬಂದಿದ್ದೆ. ನೆನಪಿರುವುದು ಚಿಪ್ಪು ಆರಿಸಿದ್ದು ಮಾತ್ರ. ಈ ಸಲ ಕಲ್ಲು ನೋಡಲು ಹೋದೆ. ಕಂಬದ ಹಾಗೆ ನಿಂತ ಕಲ್ಲುಗಳು, ಒಂದಕ್ಕೊಂದು ಅಂಟಿಕೊಂಡು ನೂರಾರು. ತುದಿ ನೋಡಿದರೆ ಯಾರೋ ಕೆತ್ತಿ ಹಾಸಿದ ಹಾಗೆ, ಕೆಲವಕ್ಕೆ ಐದು ಮೂಲೆ, ಕೆಲವಕ್ಕೆ ಆರು. ಒಂದರ ಅಂಚಿನ ಮೇಲೆ ಬೆರಳು ಆಡಿಸಿ ಮೂಲೆ ಎಣಿಸಿದೆ. ಆರು. ಯಾರ ಕೈಯೂ ತಾಗದೆ ಆದದ್ದು ಇದು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಕೆಸರು ಬಿರುಕು ಬಿಟ್ಟು ತುಂಡು ತುಂಡಾಗುತ್ತದಲ್ಲ, ಹಾಗೆಯೇ ಲಾವಾ ಆರುತ್ತ ಕುಗ್ಗಿ ಬಿರುಕು ಬಿಟ್ಟಿದೆ. ಆ ಬಿರುಕು ಮೇಲಿನಿಂದ ಕೆಳಗಿನ ತನಕ ಇಳಿದಿದೆ, ಕಂಬ ಆಗಿದೆ. ಸುಮಾರು 8.8 ಕೋಟಿ ವರ್ಷದ ಹಿಂದಿನ ಮಾತು. ಆಗ ಮಡಗಾಸ್ಕರ್ ನಮ್ಮ ನೆಲಕ್ಕೆ ಅಂಟಿಕೊಂಡಿತ್ತು. ಅದು ಕಳಚಿಕೊಳ್ಳುವ ಹೊತ್ತಿಗೆ ಉಕ್ಕಿದ ಲಾವಾ ಇದು ಅಂತ ಭೂವಿಜ್ಞಾನಿಗಳು ಹೇಳುತ್ತಾರೆ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಶಿಲುಬೆ ನೆಟ್ಟ, ಹಾಗಾಗಿ ಮೇರಿಯ ಹೆಸರು ಬಂತು ಅನ್ನುವ ಕಥೆಯನ್ನೇ ಎಲ್ಲರೂ ಹೇಳುವುದು. ನನಗೆ ಮಡಗಾಸ್ಕರಿನ ಕಥೆ ದೊಡ್ಡದು ಅನ್ನಿಸಿತು. ಒಂದು ಕಂಬದ ಮೇಲೆ ಕೂತು ಪಶ್ಚಿಮಕ್ಕೆ ಮುಖ ಮಾಡಿ ಸುಮ್ನೆ ನೋಡಿದೆ. ಒಂದು ಕಾಲದಲ್ಲಿ ಆ ಕಡೆ ನೀರಿರಲಿಲ್ಲ, ನೆಲ ಇತ್ತು.

ವಾಪಸ್ ಬೋಟು ಹೊರಡುವುದೂ ತಡವಾಯಿತು. ಮನೆ ಮುಟ್ಟುವಾಗ ನಾಲ್ಕೂ ನಲವತ್ತು. ಚಿಕ್ಕಮ್ಮ ಏನೂ ಅನ್ನಲಿಲ್ಲ. ಆದರೆ ಅವರ ಮನೆಯಲ್ಲಿ ದನ ಕರೆಯುವ ಹೊತ್ತು ಮೀರಿತ್ತು. ನನಗೆ ತುಂಬಾ ಬೇಜಾರಾಯಿತು. ಮಾರನೇ ದಿನದಿಂದ ಮೂರೂವರೆಗೇ ಮನೆಯಲ್ಲಿರಬೇಕು ಅಂತ ಗಟ್ಟಿ ಮಾಡಿಕೊಂಡೆ.

ಎರಡನೇ ದಿನ: ಕಟಪಾಡಿಯ ಆಚೆ ಈಚೆ

ಮಂಗಳೂರಿಗೆ ಹೋಗುವಾಗ ಕಟಪಾಡಿ ನೂರು ಸಲ ದಾಟಿದ್ದೇನೆ. ಇಳಿದದ್ದು ಇದೇ ಮೊದಲು. ಇಲ್ಲಿಂದ ಪೂರ್ವಕ್ಕೆ ಹೋದರೆ ಶಂಕರಪುರ, ಪಶ್ಚಿಮಕ್ಕೆ ಹೋದರೆ ಮಟ್ಟು. ಒಂದು ಕಡೆ ಮಲ್ಲಿಗೆ, ಇನ್ನೊಂದು ಕಡೆ ಗುಳ್ಳ ಅನ್ನುವ ಬದನೆ. ಉಡುಪಿಯ ಹೆಸರು ಹೊತ್ತ ಎರಡು ಬೆಳೆ, ನಡುವೆ ಕೆಲವೇ ಕಿಲೋಮೀಟರ್.

ಶಂಕರಪುರದಲ್ಲಿ ದೊಡ್ಡ ತೋಟ ಹುಡುಕಿದರೆ ಸಿಗುವುದಿಲ್ಲ. ಮನೆ ಅಂಗಳದ ಪಕ್ಕ, ಬಾವಿಯ ಹಿಂದೆ, ಕಾಂಪೌಂಡಿನ ಒಳಗೆ ಸಾಲು ಸಾಲು ಗಿಡ, ಅಷ್ಟೇ. ಒಂದು ಮನೆಯ ಗೇಟಿನ ಹತ್ತಿರ ನಿಂತು ನೋಡುತ್ತಿದ್ದೆ. ಜಗಲಿಯಲ್ಲಿ ಕೂತು ಹೂ ಕಟ್ಟುತ್ತಿದ್ದ ಹೆಂಗಸು "ಬನ್ನಿ, ಒಳಗೆ ಬನ್ನಿ" ಅಂತ ಕರೆದರು. ಪಕ್ಕದಲ್ಲಿ ಅವರ ಅತ್ತೆ. ಇಬ್ಬರ ನಡುವೆ ಬುಟ್ಟಿ, ಅದರಲ್ಲಿ ಒದ್ದೆ ಬಟ್ಟೆಯ ಮೇಲೆ ಮೊಗ್ಗು. ಬೆಳಕು ಹರಿಯುವ ಮೊದಲೇ ಕೊಯ್ಯಲು ಶುರು ಮಾಡುತ್ತಾರೆ. ಮೊಗ್ಗು ಅರಳಬಾರದು. ಅರಳಿದರೆ ಬೆಲೆ ಇಲ್ಲ.

ಕೈ ಆಡುವುದನ್ನು ನೋಡಬೇಕು. ನೀರಲ್ಲಿ ನೆನೆಸಿದ ಬಾಳೆನಾರು ಎಡಗೈ ಬೆರಳಿಗೆ ಸುತ್ತಿದೆ. ಬಲಗೈ ಬುಟ್ಟಿಗೆ ಹೋಗುತ್ತದೆ, ಎರಡು ಮೊಗ್ಗು ಈ ಕಡೆ ತಲೆ, ಎರಡು ಆ ಕಡೆ ತಲೆ, ನಾರು ಒಂದು ಸುತ್ತು, ಒಂದು ಕುಣಿಕೆ, ಸಣ್ಣ ಎಳೆತ. ಮುಗಿಯಿತು. ಮತ್ತೆ ಬುಟ್ಟಿ. ಕಣ್ಣು ಹೂವಿನ ಮೇಲೆ ಇರುವುದೇ ಇಲ್ಲ, ನನ್ನ ಜೊತೆ ಮಾತಾಡುತ್ತಲೇ ಇದ್ದರು. 800 ಮೊಗ್ಗು ಕಟ್ಟಿದರೆ ಒಂದು ಚೆಂಡು. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಅಂದರೆ 3,200 ಮೊಗ್ಗು. ಪೇಟೆಯಲ್ಲಿ "ಅರ್ಧ ಚೆಂಡು ಕೊಡಿ" ಅಂತ ಇಷ್ಟು ವರ್ಷ ಸಲೀಸಾಗಿ ಕೇಳಿದ್ದೇನೆ. ಆ ಅರ್ಧ ಚೆಂಡು ಅಂದರೆ 400 ಸಲ ಗಿಡಕ್ಕೆ ಹೋದ ಬೆರಳು ಅಂತ ಆವತ್ತು ಗೊತ್ತಾಯಿತು.

ದಿನದ ದರ ಹೂ ವ್ಯಾಪಾರದ ಕಟ್ಟೆಯಲ್ಲಿ ತೀರ್ಮಾನ ಆಗುತ್ತದೆ. ಹೂ ಕಮ್ಮಿ ಇದ್ದ ದಿನ, ಮದುವೆ, ಭೂತದ ನೇಮ ಜಾಸ್ತಿ ಇದ್ದ ದಿನ ದರ ಏರುತ್ತದೆ. ಚಳಿಗೆ ಗಿಡ ಹೂ ಬಿಡುವುದು ಕಮ್ಮಿ. "ಈಗ ರೇಟು ಉಂಟು, ಹೂ ಇಲ್ಲ. ಏಪ್ರಿಲ್ನಲ್ಲಿ ಹೂ ಉಂಟು, ರೇಟು ಇಲ್ಲ" ಅಂದರು ಅತ್ತೆ. ಇಲ್ಲಿನ ಹೂ ಮುಂಬೈಗೂ ಹೋಗುತ್ತದೆ. ಗಿಡಕ್ಕೆ ಕಡಲೆ ಹಿಂಡಿ, ಸೆಗಣಿ ಗೊಬ್ಬರ, ದಿನಾ ನೀರು. ಮಕ್ಕಳ ಶಾಲೆ ಫೀಸು, ಕಾಲೇಜು ಫೀಸು ಇದೇ ಗಿಡಗಳಿಂದ ಆಯಿತು ಅಂತ ಹೇಳುವಾಗ ಆ ಹೆಂಗಸು ಮೊದಲ ಸಲ ಕೈ ನಿಲ್ಲಿಸಿ ಗಿಡಗಳ ಕಡೆ ನೋಡಿದರು.

ಅಮ್ಮನ ವಿಷಯ ಹೇಳಿದೆ. ಹೊರಡುವಾಗ ಬಾಳೆ ಎಲೆಯಲ್ಲಿ ಎರಡು ಹಿಡಿ ಬಿಡಿ ಮೊಗ್ಗು ಕಟ್ಟಿ ಕೊಟ್ಟರು. ದುಡ್ಡು ಎಷ್ಟು ಹೇಳಿದರೂ ತೆಗೆದುಕೊಳ್ಳಲಿಲ್ಲ.

ಮಟ್ಟುವಿನಲ್ಲಿ ಹೊತ್ತು ಜಾಸ್ತಿ ಇರಲಿಲ್ಲ. ಒಂದು ಕಡೆ ಹೊಳೆ, ಒಂದು ಕಡೆ ಸಮುದ್ರ, ನಡುವೆ ಗದ್ದೆ. ಭತ್ತ ಕೊಯ್ದ ಮೇಲೆ ಅದೇ ಗದ್ದೆಯಲ್ಲಿ ಗುಳ್ಳ. ತಿಳಿ ಹಸಿರು ಮೈ, ಬಿಳಿ ಗೆರೆ, ತೊಟ್ಟಿನಲ್ಲಿ ಮುಳ್ಳು. ವಾದಿರಾಜ ಸ್ವಾಮಿಗಳು ಕೊಟ್ಟ ಬೀಜ ಅನ್ನುವುದು ಊರಿನ ನಂಬಿಕೆ. ಜಿಐ ಟ್ಯಾಗ್, ಅಂದರೆ ಊರಿನ ಹೆಸರಿಗೆ ಸರ್ಕಾರದ ಗುರುತು ಬಂದ ಮೇಲೆ ಬೆಳೆಗಾರರು ಒಂದೊಂದು ಕಾಯಿಗೂ ಸ್ಟಿಕ್ಕರ್ ಅಂಟಿಸಿ ಮಾರುತ್ತಾರೆ, ಯಾಕೆಂದರೆ ಬೇರೆ ಕಡೆಯ ಬದನೆ ಮಟ್ಟು ಗುಳ್ಳ ಅಂತ ಪೇಟೆಗೆ ಬರುತ್ತದೆ. ಗದ್ದೆಯ ಬದುವಿನಲ್ಲಿ ನಿಂತು ನಾಲ್ಕು ಗುಳ್ಳ ತೆಗೆದುಕೊಂಡೆ. ಮರುದಿನ ಚಿಕ್ಕಮ್ಮ ಬೋಳುಹುಳಿ ಮಾಡಿದರು.

ಆ ಸಂಜೆ ಅಮ್ಮನ ಮಡಿಲಲ್ಲಿ ಬಾಳೆ ಎಲೆ ಬಿಚ್ಚಿದೆ. ಕೋಣೆ ತುಂಬ ಪರಿಮಳ. "ಹಿತ್ತಲಿಂದ ಒಣ ಬಾಳೆ ಪಟ್ಟೆ ತಾ" ಅಂದರು. ತಂದು ಕೊಟ್ಟೆ. ಅಮ್ಮ ಸೀಳಿ, ನೀರಲ್ಲಿ ಅದ್ದಿ, ದಿಂಬಿಗೆ ಒರಗಿ ಕಟ್ಟಲು ಶುರು ಮಾಡಿದರು. ಒಂದು ತಿಂಗಳಿಂದ ಮಾತ್ರೆ, ನೀರಿನ ಲೋಟ, ವಾಕರಿನ ಹಿಡಿ ಬಿಟ್ಟರೆ ಬೇರೇನೂ ಮುಟ್ಟದ ಕೈ. ಮೊದಲ ಎರಡು ಕುಣಿಕೆ ಸಡಿಲ ಆಯಿತು. ಮೂರನೆಯದರಿಂದ ಬೆರಳಿಗೆ ದಾರಿ ಸಿಕ್ಕಿತು. ಎರಡು ಈ ಕಡೆ, ಎರಡು ಆ ಕಡೆ. ನಾನು ಶಂಕರಪುರದ ಜಗಲಿಯ ಕಥೆ ಹೇಳುತ್ತಾ ಇದ್ದೆ. ಅಮ್ಮ ತಲೆ ಎತ್ತದೆ ಹೂಂಗುಟ್ಟುತ್ತಾ ಇದ್ದರು.

ಮೂರನೇ ದಿನ: ರಥಬೀದಿ

ಚಿಕ್ಕಮ್ಮನಿಗೆ ಬ್ಯಾಂಕಿನ ಕೆಲಸ ಇತ್ತು. ನನಗೆ ಸಿಕ್ಕಿದ್ದು ಎರಡೇ ಗಂಟೆ. ನಡೆದು ರಥಬೀದಿಗೆ ಹೋದೆ. ಎಂಟು ಮಠಗಳ ಬೋರ್ಡು ಒಂದೊಂದಾಗಿ ಓದುತ್ತಾ ಒಂದು ಸುತ್ತು ಬಂದೆ: ಪಲಿಮಾರು, ಅದಮಾರು, ಕೃಷ್ಣಾಪುರ, ಪುತ್ತಿಗೆ, ಶಿರೂರು, ಸೋದೆ, ಕಾಣಿಯೂರು, ಪೇಜಾವರ. ಚಂದ್ರಮೌಳೀಶ್ವರಕ್ಕೆ ಮೆಟ್ಟಿಲು ಇಳಿದು ಹೋಗಬೇಕು. ಆ ಗುಡಿ ಎಷ್ಟು ಹಳೆಯದು ಅಂತ ಆ ಇಳಿತವೇ ಹೇಳುತ್ತದೆ. ಅನಂತೇಶ್ವರದಲ್ಲಿ ಕಲ್ಲಿನ ನೆಲ ಬರಿಗಾಲಿಗೆ ತಣ್ಣಗೆ ತಾಗಿತು. ಮಧ್ವಾಚಾರ್ಯರು ಪಾಠ ಹೇಳುತ್ತಿದ್ದ ಜಾಗ ಅಂತ ತೋರಿಸುತ್ತಾರೆ. ಕೃಷ್ಣ ಮಠದ ಏಳು ದಿನದ ಸಪ್ತೋತ್ಸವ ಶುರುವಾಗಿತ್ತು. ಹಗಲಿನ ಬಿಸಿಲಲ್ಲಿ ತೇರುಗಳು ಸುಮ್ನೆ ನಿಂತಿದ್ದವು, ಒಬ್ಬ ಹುಡುಗ ಚಕ್ರದ ನೆರಳಲ್ಲಿ ಕೂತು ಚುರುಮುರಿ ತಿನ್ನುತ್ತಿದ್ದ.

ನಾಲ್ಕನೇ ದಿನ: ಮಂಗಳೂರು

ಇದು ಈ ವಾರದ ಅತಿ ದೂರದ ಪಯಣ. ಎಕ್ಸ್‌ಪ್ರೆಸ್ ಬಸ್ಸಿಗೆ ಒಂದೂವರೆ ಗಂಟೆ ಹೋಗಲು, ಒಂದೂವರೆ ಗಂಟೆ ಬರಲು. ಮೂರೂವರೆಗೆ ಮನೆ ಸೇರಬೇಕು ಅಂದರೆ ಉಳಿಯುವುದು ಮೂರೂವರೆ ಗಂಟೆ. ಹಾಗಾಗಿ ಒಂದೇ ಜಾಗ ಆರಿಸಿದೆ. ಸಂತ ಅಲೋಶಿಯಸ್ ಚಾಪೆಲ್.

ಹಂಪನಕಟ್ಟೆಯಲ್ಲಿ ಇಳಿದು ಏರು ಹತ್ತಿದೆ. ಆ ಗುಡ್ಡಕ್ಕೆ ಲೈಟ್‌ಹೌಸ್ ಹಿಲ್ ಅಂತ ಹೆಸರು, ಹಳಬರ ಬಾಯಲ್ಲಿ ಬಾವುಟಗುಡ್ಡೆ. ಹೊರಗಿನಿಂದ ನೋಡಿದರೆ ಬಿಳಿ ಬಣ್ಣದ ಸಾದಾ ಕಟ್ಟಡ. ಬಾಗಿಲು ದಾಟಿದ ಕೂಡಲೇ ಗೋಡೆ, ಕಮಾನು, ಮೇಲ್ಛಾವಣಿ ಎಲ್ಲಿ ನೋಡಿದರೂ ಚಿತ್ರ. ಖಾಲಿ ಜಾಗವೇ ಇಲ್ಲ. ಒಂದು ಬೆಂಚಿನಲ್ಲಿ ಕೂತುಬಿಟ್ಟೆ.

ಬಿಡಿಸಿದವರು ಆಂಟೋನಿಯೋ ಮೊಸ್ಕೇನಿ. ಇಟಲಿಯ ಬೆರ್ಗಾಮೋ ಹತ್ತಿರದ ಊರಿನವರು, ಜೆಸ್ಯುಯಿಟ್ ಅನ್ನುವ ಕ್ರೈಸ್ತ ಸನ್ಯಾಸಿ ಸಂಘದ ಸಹೋದರ. 1899ರಲ್ಲಿ ಶುರು ಮಾಡಿ 1901ರಲ್ಲಿ ಮುಗಿಸಿದರು. ಗೋಡೆಯ ಮೇಲಿನದು ಫ್ರೆಸ್ಕೋ. ಅಂದರೆ ಸುಣ್ಣದ ಗಾರೆ ಹಸಿ ಇರುವಾಗಲೇ ಬಣ್ಣ ಹಚ್ಚಬೇಕು. ಸುಣ್ಣ ಗಾಳಿ ಕುಡಿದು ಗಟ್ಟಿಯಾಗುವಾಗ ಬಣ್ಣವನ್ನು ತನ್ನೊಳಗೆ ಹಿಡಿದುಕೊಳ್ಳುತ್ತದೆ. ಆಮೇಲೆ ಅದು ಗೋಡೆಯ ಮೇಲೆ ಇರುವ ಬಣ್ಣ ಅಲ್ಲ, ಗೋಡೆಯೇ ಬಣ್ಣ. ಹಾಗಾಗಿ ಆ ದಿನ ಎಷ್ಟು ಬಿಡಿಸಲು ಸಾಧ್ಯವೋ ಅಷ್ಟೇ ಗಾರೆ ಮೆತ್ತಬೇಕು. ತಪ್ಪಾದರೆ ಕೆತ್ತಿ ತೆಗೆದು ಮತ್ತೆ ಮೆತ್ತಬೇಕು. ಮಂಗಳೂರಿನ ಮಳೆಗಾಲದಲ್ಲಿ ಗಾರೆ ಹೇಗೆ ಒಣಗಿತೋ, ಆ ಮನುಷ್ಯ ಎಷ್ಟು ಕಾದರೋ ಅಂತ ಯೋಚಿಸುತ್ತಾ ಕೂತೆ.

ಶೇಖಾವಟಿಯ ಹವೇಲಿಗಳಲ್ಲೂ ಇದೇ ಕೆಲಸ. ಹಸಿ ಸುಣ್ಣ, ಅದರ ಮೇಲೆ ಬಣ್ಣ. ಅದನ್ನು ನೋಡಲಿಕ್ಕೇ ನಾನು ಎರಡು ರೈಲು ಬದಲಿಸಿ ಹೋಗುವವಳಿದ್ದೆ. ನಮ್ಮ ಮನೆಯಿಂದ ಒಂದೂವರೆ ಗಂಟೆಯ ದೂರದಲ್ಲಿ, ಇಷ್ಟು ವರ್ಷ, ಒಂದು ಇಡೀ ಗುಡಿ ತುಂಬ ಅದೇ ಇತ್ತು. ಮಂಗಳೂರಿಗೆ ಬಂದಾಗಲೆಲ್ಲ ಬಟ್ಟೆ ಅಂಗಡಿ, ಆಸ್ಪತ್ರೆ, ಐಸ್‌ಕ್ರೀಮ್ ಅಂತ ಓಡಾಡಿ ವಾಪಸ್ ಹೋಗಿದ್ದೇನೆ. ಆ ಬೆಂಚಿನಲ್ಲಿ ಕೂತಾಗ ನನಗೆ ನಿಜವಾಗಿ ದುಃಖ ಮತ್ತು ಸಂತೋಷ ಒಟ್ಟಿಗೆ ಆಯಿತು.

ಛಾವಣಿಯಲ್ಲಿ ಸಂತ ಅಲೋಶಿಯಸ್‌ರ ಬದುಕಿನ ಕಥೆ ಇದೆ. ಇಟಲಿಯ ದೊಡ್ಡ ಮನೆತನದ ಹುಡುಗ. ಎಲ್ಲಾ ಬಿಟ್ಟು ಬಂದು ರೋಮಿನಲ್ಲಿ ಪ್ಲೇಗ್ ರೋಗಿಗಳ ಆರೈಕೆ ಮಾಡಿ, ಅದೇ ಕಾಯಿಲೆ ತಗಲಿ 1591ರಲ್ಲಿ ತೀರಿಕೊಂಡರು. ಆಗ ಅವರಿಗೆ 23 ವರ್ಷ. ಒಬ್ಬ ರೋಗಿಯನ್ನು ಎತ್ತಿ ಕೂರಿಸುವುದು ಎಷ್ಟು ಭಾರದ ಕೆಲಸ ಅಂತ ಈಗ ನನ್ನ ಬೆನ್ನಿಗೂ ಗೊತ್ತು. ಕುತ್ತಿಗೆ ನೋಯುವ ತನಕ ಮೇಲೆ ನೋಡಿದೆ.

ಮೊಸ್ಕೇನಿಯವರು ಇಟಲಿಗೆ ವಾಪಸ್ ಹೋಗಲಿಲ್ಲ. 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು. ಸಂಜೆ ಇದನ್ನೆಲ್ಲ ಹೇಳಿದಾಗ ಅಮ್ಮ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು, "ಅವನ ತಾಯಿಗೆ ಈ ಚಿತ್ರ ನೋಡಲು ಸಿಕ್ಕಿರಲಿಕ್ಕಿಲ್ಲ ಅಲ್ವಾ?"

ಐದನೇ ದಿನ: ಕೋಡಿ ಬೆಂಗ್ರೆ

ಈ ಜಾಗ ಅಮ್ಮನೇ ಆರಿಸಿ ಕೊಟ್ಟದ್ದು. ಅವರ ತವರು ಹಂಗಾರಕಟ್ಟೆಯ ಕಡೆ. "ರಸ್ತೆಯಲ್ಲಿ ಸುತ್ತಿ ಹೋಗಬೇಡ. ಬೆಂಗ್ರೆಗೆ ಹೋಗಿ ಹೊಳೆ ದಾಟು. ನಾವು ಹಾಗೇ ಬರುತ್ತಿದ್ದದ್ದು" ಅಂದರು.

ಕೆಮ್ಮಣ್ಣು, ಹೂಡೆ ದಾಟಿದ ಮೇಲೆ ನೆಲ ಸಪೂರ ಆಗುತ್ತಾ ಹೋಗುತ್ತದೆ. ಬಸ್ಸಿನ ಎಡ ಕಿಟಕಿಯಲ್ಲಿ ಸಮುದ್ರ, ಬಲ ಕಿಟಕಿಯಲ್ಲಿ ಹೊಳೆ. ನಡುವೆ ರಸ್ತೆ, ತೆಂಗಿನ ಮರ, ಒಂದು ಸಾಲು ಮನೆ. ರಸ್ತೆ ಮುಗಿದಲ್ಲಿ ಬಸ್ಸೂ ಮುಗಿಯಿತು. ಅಲ್ಲಿ ಸ್ವರ್ಣಾ ಮತ್ತು ಸೀತಾ ಎರಡೂ ಹೊಳೆ ಸೇರಿ ಸಮುದ್ರಕ್ಕೆ ಬೀಳುತ್ತವೆ. ಸೀತೆ ಆಗುಂಬೆ ಕಡೆಯಿಂದ ಇಳಿದು ಬಂದವಳು. ಸ್ವರ್ಣೆ ನಮ್ಮ ಮನೆಯವಳೇ, ಬಜೆ ಅಣೆಕಟ್ಟಿನಿಂದ ಉಡುಪಿಯ ನಲ್ಲಿಗೆ ಬರುವುದು ಅವಳ ನೀರು. ದಿನಾ ಬೆಳಗ್ಗೆ ಅದೇ ನೀರಲ್ಲಿ ಅಮ್ಮನ ಮುಖ ಒರೆಸುತ್ತೇನೆ. ಆ ಹೊಳೆಯ ಕೊನೆಯನ್ನು ಇಷ್ಟು ದಿನ ನೋಡಿರಲಿಲ್ಲ. ಇಳಿತದ ಹೊತ್ತು. ಹೊಳೆಯ ನೀರು ಸಮುದ್ರಕ್ಕೆ ತಾಗುವಲ್ಲಿ ಬಣ್ಣ ಬೇರೆ ಬೇರೆಯಾಗಿ ಒಂದು ಗೆರೆ ಎಳೆದ ಹಾಗೆ ಕಾಣುತ್ತಿತ್ತು. ಮೊಣಕಾಲುದ್ದ ನೀರಲ್ಲಿ ಇಬ್ಬರು ಹೆಂಗಸರು ಕಾಲಲ್ಲೇ ತಡಕಿ ಮರುವಾಯಿ ಅನ್ನುವ ಚಿಪ್ಪುಮೀನು ಹೆಕ್ಕುತ್ತಿದ್ದರು.

ಹೊಳೆ ದಾಟಿಸುವ ದೋಣಿಯಲ್ಲಿ ಬೈಕು, ಮೀನಿನ ಬುಟ್ಟಿ, ಶಾಲೆ ಮಕ್ಕಳು, ನಾನು. ದಾಟಲು ಸ್ವಲ್ಪ ಹೊತ್ತು ಸಾಕು. ಉಡುಪಿಯಿಂದ ಇಲ್ಲಿಯ ತನಕ ಬಸ್ಸಿನಲ್ಲಿ ಕಿವಿಗೆ ಬಿದ್ದದ್ದು ತುಳು. ಆ ದಡದಲ್ಲಿ ಇಳಿದಾಗ ಒಬ್ಬರು ಅಜ್ಜ ಕೇಳಿದರು, "ಹ್ವಾಯ್, ಎಲ್ಲಿಗ್ ಹೊರ್ಟದ್ದ್?" ಕುಂದಾಪುರ ಕನ್ನಡ. ಅಮ್ಮ ಸಿಟ್ಟು ಬಂದಾಗ, ತುಂಬಾ ಖುಷಿಯಾದಾಗ ಮಾತ್ರ ಆಡುವ ಕನ್ನಡ. ಒಂದು ಹೊಳೆ ದಾಟುವಷ್ಟರಲ್ಲಿ ಮಾತು ಬದಲಾಗುವುದು ನೋಡಲು ಜನ ಎಷ್ಟು ದೂರ ಹೋಗುತ್ತಾರೆ! ಅಜ್ಜನಿಗೆ ಅಮ್ಮನ ಮನೆಯ ಗುರುತು ಹೇಳಿದೆ. ಮನೆ ಈಗಿಲ್ಲ, ಜಾಗ ಮಾರಿ ಬಹಳ ವರ್ಷ ಆಯಿತು. ಆದರೂ ಅಜ್ಜನಿಗೆ ಗುರುತು ಸಿಕ್ಕಿತು. "ಆ ಬಾವಿ ಕಟ್ಟೆ ಈಗ್ಲೂ ಇತ್ತ್" ಅಂದರು.

ಹೋಗಿ ನೋಡಿದೆ. ಕಲ್ಲಿನ ಕಟ್ಟೆ, ಹಗ್ಗ ಉಜ್ಜಿ ಉಜ್ಜಿ ಅಂಚಿನಲ್ಲಿ ಬೆರಳು ಹೋಗುವಷ್ಟು ಆಳದ ಗೆರೆಗಳು. ಅದರಲ್ಲಿ ಒಂದಾದರೂ ಅಮ್ಮ ಎಳೆದದ್ದು ಇರಬೇಕು. ಫೋಟೋ ತೆಗೆದೆ. ಸಾಸ್ತಾನಕ್ಕೆ ಬಂದು ಹೆದ್ದಾರಿಯ ಬಸ್ಸು ಹಿಡಿದೆ. ಮೂರೂಕಾಲಿಗೆ ಮನೆಯಲ್ಲಿದ್ದೆ.

ಫೋಟೋವನ್ನು ಅಮ್ಮ ದೊಡ್ಡದು ಮಾಡಿ ನೋಡಿದರು. ಗೆರೆಗಳ ಮೇಲೆ ಬೆರಳು ಇಟ್ಟರು. ಆಮೇಲೆ ರಾತ್ರಿ ಹತ್ತರ ತನಕ ನಾನು ಕೇಳಿದೆ, ಅವರು ಹೇಳಿದರು. ದೋಣಿಯಲ್ಲಿ ಮದುವೆ ದಿಬ್ಬಣ ಹೋದದ್ದು, ಮಳೆಗಾಲದಲ್ಲಿ ಹೊಳೆ ಉಕ್ಕಿ ಎರಡು ದಿನ ಈಚೆ ದಡದಲ್ಲೇ ಉಳಿದದ್ದು. ಇದೆಲ್ಲ ನನಗೆ ಹೊಸದು.

ಆರನೇ ದಿನ: ಮಕರ ಸಂಕ್ರಾಂತಿ

ಸಂಕ್ರಾಂತಿಯ ರಾತ್ರಿ ರಥಬೀದಿಯಲ್ಲಿ ಮೂರು ತೇರು. ಮಧ್ವಾಚಾರ್ಯರು ಕೃಷ್ಣನನ್ನು ಪ್ರತಿಷ್ಠೆ ಮಾಡಿದ ದಿನದ ನೆನಪಿನ ಉತ್ಸವ. ಮೂರು ತೇರು ಒಂದರ ಹಿಂದೆ ಒಂದು ಎಳೆಯುವುದನ್ನು ನೋಡಲು ಊರಿಗೆ ಊರೇ ಸೇರುತ್ತದೆ. ಆದರೆ ಅದು ರಾತ್ರಿ. ರಾತ್ರಿ ನನ್ನ ಪಾಳಿ. ಹೋಗುವ ಮಾತೇ ಇರಲಿಲ್ಲ.

ಏಳು ಗಂಟೆಗೆ ಅಮ್ಮ "ನನ್ನನ್ನು ಜಗಲಿಗೆ ಕರೆದುಕೊಂಡು ಹೋಗು" ಅಂದರು. ಮನೆಗೆ ಬಂದ ಮೇಲೆ ಜಗಲಿಯ ತನಕ ನಡೆದಿರಲಿಲ್ಲ. ವಾಕರ್ ಮುಂದೆ ಇಟ್ಟು, ಒಂದು ಹೆಜ್ಜೆ, ನಿಂತು, ಇನ್ನೊಂದು ಹೆಜ್ಜೆ. ಹೊಸಿಲು ದಾಟುವಾಗ ನಾನು ಉಸಿರು ಹಿಡಿದಿದ್ದೆ. ಕುರ್ಚಿಯಲ್ಲಿ ಕೂತರು, ಶಾಲು ಹೊದೆಸಿದೆ. ಶಂಕರಪುರದ ಮಲ್ಲಿಗೆ ಬಾಡಿ ದೇವರ ಫೋಟೋದಲ್ಲಿ ಹಾಗೇ ಇತ್ತು, ಅದರ ವಾಸನೆ ಅಲ್ಲಿಯ ತನಕ ಬರುತ್ತಿತ್ತು.

ದೂರದಲ್ಲಿ ಗರ್ನಾಲು ಸಿಡಿಯಿತು. ತೆಂಗಿನ ಮರಗಳ ಮೇಲೆ ಆಕಾಶ ಒಮ್ಮೆ ಕೆಂಪಾಗಿ ಆರಿತು. "ಹೊರಟಿತು" ಅಂದರು ಅಮ್ಮ. ಗಾಳಿ ಈ ಕಡೆ ತಿರುಗಿದಾಗ ಚೆಂಡೆ ಸಣ್ಣಗೆ ಕೇಳುತ್ತಿತ್ತು, ಮತ್ತೆ ಮರೆಯಾಗುತ್ತಿತ್ತು. ಅಮ್ಮ ಕಣ್ಣು ಮುಚ್ಚಿ ಕೂತು ಹೇಳುತ್ತಾ ಹೋದರು. ಈಗ ಮೊದಲಿನ ತೇರು ತಿರುವಿನಲ್ಲಿ ಇರಬೇಕು, ಅಲ್ಲಿ ಹಗ್ಗ ಸಡಿಲ ಬಿಟ್ಟು ನಿಲ್ಲಿಸುತ್ತಾರೆ. ಈಗ ಜನ ಈ ಬದಿಗೆ ಸರಿಯುತ್ತಾರೆ. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಳ್ಳುತ್ತಾರೆ. ನಿನ್ನನ್ನೂ ಹಾಗೆ ಕೂರಿಸಿಕೊಂಡು ನಿಂತಿದ್ದೆ, ಚಂದ್ರಮೌಳೀಶ್ವರದ ಮೆಟ್ಟಿಲ ಹತ್ತಿರ.

ಇನ್ನೊಂದು ಗರ್ನಾಲು.

"ಇದು ಎರಡನೆಯದು" ಅಂದರು. "ಇರು, ಇನ್ನೂ ಒಂದು ಉಂಟು."